ಜಾಜ್ ರಿಕಾರ್ಡುಗಳ ಸಂಗ್ರಹವೂ ಹೇಳದೆ ಬಿಟ್ಟ ಮಾತುಗಳೂ

ಗ್ರಾಮಫೋನ್ ಪ್ಲೇಟುಗಳನ್ನು ಕೂಡಿಡುವ ಹವ್ಯಾಸವು ಪುಸ್ತಕಗಳನ್ನು ಕೂಡಿಡುವ ಹವ್ಯಾಸಕ್ಕಿಂತ ಒಂದು ಬಗೆಯಲ್ಲಿ ಹೆಚ್ಚು ಕಟ್ಟುನಿಟ್ಟಿನದು. ಪುಸ್ತಕಪ್ರಿಯನಿಗೆ ಕವಿಯ ಹೆಸರೂ ಗ್ರಂಥದ ಹೆಸರೂ ಮುದ್ರಣದ ವರ್ಷವೂ ತಿಳಿದರೆ ಬಹುಮಟ್ಟಿಗೆ ತೃಪ್ತಿಯುಂಟಾಗುತ್ತದೆ. ರಿಕಾರ್ಡುಗಳ ಸಂಗ್ರಾಹಕನಿಗೆ ಅಷ್ಟು ಸಾಲದು. ಯಾವ ಊರಿನ ಯಾವ ಕೋಣೆಯಲ್ಲಿ ಯಾವ ದಿನ ನುಡಿಸಿದ್ದು, ಡಬಲ್ ಬಾಸ್ ಹಿಡಿದವನು ಯಾರು, ಡ್ರಮ್ಸಿನ ಮುಂದೆ ಕುಳಿತವನು ಯಾರು, ಗೆರೆಗಳು ಮುಗಿದು ಕಾಗದದ ಚೀಟಿ ಮೊದಲಾಗುವುದಕ್ಕೆ ಮುಂಚಿನ ನುಣುಪು ಜಾಗದಲ್ಲಿ ಕೆತ್ತಿದ ಅಂಕೆ ಯಾವುದು, ಅದು ಮೊದಲನೆಯ ಅಚ್ಚೋ ಎರಡನೆಯದೋ, ಇವೆಲ್ಲ ಅವನಿಗೆ ಬೇಕು. 1936ರಲ್ಲಿ ಪ್ಯಾರಿಸಿನ ಶಾರ್ಲ್ ದೆಲೊನೆ ಎಂಬಾತನು 'ಹಾಟ್ ಡಿಸ್ಕಾಗ್ರಫಿ' ಎಂಬ ಪಟ್ಟಿಯನ್ನು ಪ್ರಕಟಿಸಿದ ಮೇಲೆ ಈ ಬಗೆಯ ವಿವರಸಂಗ್ರಹವು ಒಂದು ಶಾಸ್ತ್ರವೇ ಆಗಿ ಬೆಳೆದಿದೆ.

ಇದನ್ನು ಬರಿಯ ಗೀಳೆಂದು ನಗುವುದು ಸುಲಭ. ಆದರೆ ಅದರ ಮೂಲದಲ್ಲಿ ಒಂದು ಸತ್ಯವುಂಟು. ಜಾಜ್ ಎಂಬುದು ಬಹುಪಾಲು ಮನೋಧರ್ಮದ ಸಂಗೀತ. ರಾಗಾಲಾಪನೆಯಲ್ಲಾಗಲಿ ಪಲ್ಲವಿಯ ನೆರವಲಿನಲ್ಲಾಗಲಿ ಗಾಯಕನು ಆ ಹೊತ್ತಿನಲ್ಲಿ ಹುಟ್ಟಿಸಿದ್ದೇ ಕೃತಿಯಾಗುವಂತೆ, ಅಲ್ಲಿಯೂ ಕಾಗದದ ಮೇಲಿನ ಸ್ವರಗಳು ಕೃತಿಯಲ್ಲ. ಇಂಥವನು ಇಂಥ ರಾತ್ರಿ ನುಡಿಸಿದ್ದು ಕೃತಿ. ಮರುದಿನ ಅದು ಇಲ್ಲ. ರಿಕಾರ್ಡು ಒಂದೇ ಅದರ ಶಾಸನ. ಶಾಸನವನ್ನು ಓದುವವನು ಕೆತ್ತಿದವನ ಹೆಸರನ್ನೂ ಕಾಲವನ್ನೂ ಬಿಡದೆ ಓದಬೇಕಾದುದು ನ್ಯಾಯವೇ. ನಮ್ಮ ನಾಡಿನಲ್ಲಿ 1902ರಲ್ಲಿ ಮೊದಲಾಗಿ ಹಾಡು ಮುದ್ರಿಸಿಕೊಂಡವರಲ್ಲಿ ಒಬ್ಬಳಾದ ಗೌಹರ್ ಜಾನ್ ಹಾಡು ಮುಗಿಯುತ್ತಲೇ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ದೂರದ ಜರ್ಮನಿಯಲ್ಲಿ ಪ್ಲೇಟುಗಳನ್ನು ಅಚ್ಚುಮಾಡುವವರಿಗೆ ಗುರುತು ಸಿಕ್ಕಲೆಂದು ಮಾಡಿದ ಉಪಾಯವದು. ಆಕೆ ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು; ಆ ಕೂಗು ಮಾತ್ರ ಪ್ಲೇಟುಗಳಲ್ಲಿ ಉಳಿದಿದೆ.

ಇಷ್ಟೊಂದು ಕಟ್ಟುನಿಟ್ಟಿನ ಈ ಶಾಸ್ತ್ರವು ಒಂದು ವಿಷಯದಲ್ಲಿ ಮಾತ್ರ ಬಹುಕಾಲ ಬಾಯಿ ಮುಚ್ಚಿಕೊಂಡಿತ್ತು. ಜಾಜ್ ವಾದಕರಲ್ಲಿ, ಅದರಲ್ಲಿಯೂ 1950ರ ದಶಕದ ಕೊನೆಯಿಂದೀಚೆಗೆ ತಾಳದ ಕಟ್ಟನ್ನೂ ಸ್ವರಸಂಘಗಳ ನಿಯಮವನ್ನೂ ಮುರಿದು ಹೊರಟ ಹೊಸ ಪಂಥದವರಲ್ಲಿ, ಸಲಿಂಗಾನುರಾಗಿಗಳು—ಇಂಗ್ಲಿಷಿನಲ್ಲಿ ಗೇ ಎಂದೂ ಲೆಸ್ಬಿಯನ್ ಎಂದೂ ಕರೆಯಿಸಿಕೊಳ್ಳುವವರು—ಇದ್ದರೆಂಬುದನ್ನು ರಿಕಾರ್ಡಿನ ಹೊದಿಕೆಯಾಗಲಿ ಪಟ್ಟಿಯಾಗಲಿ ವಿಮರ್ಶೆಯಾಗಲಿ ಹೇಳುತ್ತಿರಲಿಲ್ಲ. ಸಂಗ್ರಾಹಕರು ತಮ್ಮತಮ್ಮಲ್ಲಿ ಪಿಸುಗುಟ್ಟುತ್ತಿದ್ದರು, ಬರೆಯುತ್ತಿರಲಿಲ್ಲ. ಈಗ ಬರೆಯುವವರು ಬಂದಿದ್ದಾರೆ. 1995ರಲ್ಲಿ ಜಾನ್ ಗಿಲ್ ಎಂಬವನು ಈ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದನು. 2008ರಲ್ಲಿ ಶೆರಿ ಟಕರ್ ಎಂಬ ವಿದುಷಿ, ಜಾಜ್ ಚರಿತ್ರೆಯು ಇಷ್ಟು ನೆಟ್ಟಗೆ ನಿಂತದ್ದು ಯಾವಾಗಿನಿಂದ ಎಂಬ ಅರ್ಥದ ಪ್ರಶ್ನೆಯನ್ನು ಶಿರೋನಾಮೆಯಾಗಿಟ್ಟುಕೊಂಡು ಪ್ರಬಂಧ ಬರೆದಳು. ಹೀಗೆ ಬರೆಯುವುದು ಉಚಿತವೇ, ಉಚಿತವಾದರೆ ಹೇಗೆ, ಎಂಬುದು ವಿಮರ್ಶೆಗೆ ಸೇರಿದ ಪ್ರಶ್ನೆ, ಹರಟೆಗೆ ಸೇರಿದುದಲ್ಲ.

"ಸಂಗೀತ ಕೇಳುವವನಿಗೆ ವಾದಕನ ಮನೆಯ ಒಳಮಾತು ಏತಕ್ಕೆ?" ಎಂದು ಸಭ್ಯರು ಕೇಳುವುದುಂಟು. ಕೇಳುವುದಕ್ಕೆ ಇದು ಘನವಾದ ಮಾತಿನಂತಿದೆ. ಆದರೆ ಇದೇ ಸಭ್ಯರ ಕಪಾಟಿನಿಂದ ಯಾವುದಾದರೂ ಒಂದು ರಿಕಾರ್ಡನ್ನು ತೆಗೆದು ಬೆನ್ನಿನ ಬರಹವನ್ನು ಓದಿದರೆ ಸಂಗತಿ ತಿಳಿಯುತ್ತದೆ. ಒಬ್ಬನು ಮಾದಕವಸ್ತುವಿಗೆ ವಶನಾಗಿದ್ದುದು, ಇನ್ನೊಬ್ಬನು ಕುಡಿದು ಕೆಟ್ಟದ್ದು, ಮತ್ತೊಬ್ಬನು ಮೂರು ಮದುವೆಯಾದದ್ದು, ಎಲ್ಲವೂ ಅಲ್ಲಿ ಉಂಟು. 1959ರಲ್ಲಿ ಜಾನ್ ಕೋಲ್ಟ್ರೇನನು ನುಡಿಸಿದ 'ನೈಮಾ' ಎಂಬ ರಚನೆಗೆ ಅವನ ಹೆಂಡತಿಯ ಹೆಸರನ್ನೇ ಇಟ್ಟಿದೆಯೆಂದು ಬರೆಯದ ಲೇಖಕನಿಲ್ಲ. ಅದು ಒಳಮನೆಯ ಮಾತೆಂದು ಯಾರೂ ಮುಖ ಸಿಂಡರಿಸಲಿಲ್ಲ. ಹೆಂಡತಿಯ ಮೇಲಿನ ಪ್ರೀತಿಯು ರಾಗದ ಇತಿಹಾಸವಾಗುವುದಾದರೆ ಗೆಳೆಯನ ಮೇಲಿನ ಪ್ರೀತಿಯು ಮಾತ್ರ ಹೇಳಬಾರದ ಗುಟ್ಟಾಗುವುದು ಯಾವ ನ್ಯಾಯ? ಮೌನವೆಂಬುದು ಎಲ್ಲರ ವಿಷಯದಲ್ಲಿಯೂ ಒಂದೇ ಸಮನಾಗಿದ್ದರೆ ಅದನ್ನು ಮರ್ಯಾದೆಯೆನ್ನಬಹುದು. ಒಂದು ಪಂಕ್ತಿಯವರಿಗೆ ಮಾತ್ರ ಬಡಿಸಿದ ಮೌನವು ಮರ್ಯಾದೆಯಲ್ಲ.

ಹೊಸ ಪಂಥಕ್ಕೆ ಸೇರಿದವನಲ್ಲದಿದ್ದರೂ ಬಿಲ್ಲಿ ಸ್ಟ್ರೇಹಾರ್ನನ ಕಥೆಯನ್ನು ಇಲ್ಲಿ ಮೊದಲು ಹೇಳದೆ ಬೇರೆ ಯಾರ ಮಾತನ್ನೂ ಹೇಳುವಂತಿಲ್ಲ. 1915ರಲ್ಲಿ ಹುಟ್ಟಿ ಪಿಟ್ಸ್‌ಬರ್ಗ್ ನಗರದಲ್ಲಿ ಬೆಳೆದ ಈ ಕರಿಯ ತರುಣನು 1938ರ ಡಿಸೆಂಬರಿನಲ್ಲಿ ಡ್ಯೂಕ್ ಎಲಿಂಗ್ಟನನನ್ನು ಕಂಡನು. ಅಲ್ಲಿಂದ 1967ರಲ್ಲಿ ಸಾಯುವವರೆಗೂ ಅವನ ವಾದ್ಯವೃಂದಕ್ಕಾಗಿ ಬರೆದನು. ಆ ವೃಂದದ ಮುಖಗೀತವಾಗಿ ಜಗತ್ತೆಲ್ಲ ಕೇಳಿದ 'ಟೇಕ್ ದಿ ಎ ಟ್ರೇನ್' ಎಲಿಂಗ್ಟನನದಲ್ಲ, ಇವನದು. 1941ರಲ್ಲಿ ರೇಡಿಯೋ ನಿಲಯಗಳಿಗೂ ರಚನಕಾರರ ಸಂಘಕ್ಕೂ ಜಗಳವಾಗಿ ಸಂಘದ ಸದಸ್ಯನಾದ ಎಲಿಂಗ್ಟನನ ರಚನೆಗಳನ್ನು ಪ್ರಸಾರ ಮಾಡುವಂತಿಲ್ಲದೆ ಹೋದಾಗ, ಸದಸ್ಯನಲ್ಲದ ಸ್ಟ್ರೇಹಾರ್ನನ ಲೇಖನಿಯೇ ಆ ವೃಂದವನ್ನು ಕಾಪಾಡಿತು. ಆದರೂ ಹೆಸರು ಒಬ್ಬನದು, ದುಡಿಮೆ ಇಬ್ಬರದು ಎಂಬಂತೆಯೇ ಕಾಲ ಕಳೆಯಿತು.

ಸ್ಟ್ರೇಹಾರ್ನನು ತಾನು ಯಾರೆಂಬುದನ್ನು ಮರೆಮಾಡಿದವನಲ್ಲ. ಆರನ್ ಬ್ರಿಜರ್ಸ್ ಎಂಬ ಪಿಯಾನೋ ವಾದಕನೊಡನೆ ಹಾರ್ಲೆಮಿನಲ್ಲಿ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಬಾಳಿದನು. ಸ್ನೇಹಿತರೆಲ್ಲರಿಗೂ ಅದು ತಿಳಿದಿತ್ತು. 1940ರ ದಶಕದ ಅಮೆರಿಕದಲ್ಲಿ, ಕರಿಯನಾಗಿಯೂ ಇದ್ದು, ಹೀಗೆ ಬಾಳುವುದಕ್ಕೆ ಎಷ್ಟು ಎದೆಗಾರಿಕೆ ಬೇಕಾಗಿತ್ತೆಂಬುದನ್ನು ಊಹಿಸಬಹುದು. 1996ರಲ್ಲಿ ಇವನ ಜೀವನಚರಿತ್ರೆಯನ್ನು ಬರೆದ ಡೇವಿಡ್ ಹಜ್ದೂ ಒಂದು ಮರ್ಮವನ್ನು ಕಾಣಿಸಿಕೊಟ್ಟಿದ್ದಾನೆ: ಎಲಿಂಗ್ಟನನ ನೆರಳಿನಲ್ಲಿ ನಿಂತುದರಿಂದಲೇ ಇವನಿಗೆ ತನ್ನಂತೆ ತಾನಿರುವ ಸ್ವಾತಂತ್ರ್ಯ ದೊರೆಯಿತು; ಮುಂದಕ್ಕೆ ಬಂದು ನಿಂತಿದ್ದರೆ ಲೋಕವು ಅವನ ಮನೆಯೊಳಕ್ಕೆ ಇಣುಕುತ್ತಿತ್ತು. ಅಂದರೆ ಅವನು ಕೀರ್ತಿಯನ್ನು ತೆತ್ತು ಪ್ರಾಮಾಣಿಕತೆಯನ್ನು ಕೊಂಡನು. ಈ ವ್ಯಾಪಾರವು ರಿಕಾರ್ಡಿನ ಕಾಗದದ ಚೀಟಿಯ ಮೇಲೆಯೇ ಅಚ್ಚಾಗಿದೆ. ಎಲ್ಲಿ ಅವನ ಹೆಸರು ಇರಬೇಕಾಗಿತ್ತೋ ಅಲ್ಲಿ ಎಷ್ಟೋ ವೇಳೆ ಅದು ಇಲ್ಲ. ಅವನ ಪ್ರೇಮದ ಸಂಗತಿಯನ್ನು ಬಿಟ್ಟು ಆ ಖಾಲಿ ಜಾಗಕ್ಕೆ ಪೂರ್ತಿಯಾಗಿ ಅರ್ಥ ಹೇಳುವುದು ಸಾಧ್ಯವಿಲ್ಲ. ಸಂಗ್ರಾಹಕನ ಶಾಸ್ತ್ರಕ್ಕೂ ಈ ವಿಷಯಕ್ಕೂ ಸಂಬಂಧವಿಲ್ಲವೆನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಡ.

ಇಲ್ಲಿ ಹಸ್ತಪ್ರತಿಗಳ ಶೋಧನೆಯೂ ನೆರವಿಗೆ ಬಂದಿದೆ. ಹಾಲೆಂಡಿನ ವಾಲ್ಟರ್ ಫಾನ್ ದೆ ಲೂರ್ ಎಂಬ ವಿದ್ವಾಂಸನು ಸ್ವರಲಿಪಿಯ ಕಾಗದಗಳನ್ನು ಹಿಡಿದು, ಯಾವ ಕೈಬರಹ ಯಾರದೆಂದು ತಾಳೆನೋಡಿ, 2002ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಸ್ಟ್ರೇಹಾರ್ನನ ಪಾಲನ್ನು ಅವನಿಗೆ ಹಿಂದಿರುಗಿಸಿದನು. ಹಳಗನ್ನಡ ಕಾವ್ಯಗಳ ಪಾಠಶೋಧನೆಯನ್ನು ಬಲ್ಲ ಓದುಗರಿಗೆ ಈ ಕೆಲಸದ ಬೆಲೆಯನ್ನು ಬೇರೆ ಹೇಳಬೇಕಾದುದಿಲ್ಲ. 1963ರಲ್ಲಿ ಎಲಿಂಗ್ಟನನ ವೃಂದವು ಅಮೆರಿಕದ ಸರಕಾರದ ಪರವಾಗಿ ಪೂರ್ವದೇಶಗಳಲ್ಲಿ ಸಂಚರಿಸುತ್ತ ಇಂಡಿಯಕ್ಕೂ ಬಂದಿತ್ತು, ಸ್ಟ್ರೇಹಾರ್ನನೂ ಜೊತೆಯಲ್ಲಿದ್ದನು. ಆ ಪ್ರವಾಸದ ಫಲವಾದ 'ಫಾರ್ ಈಸ್ಟ್ ಸ್ವೀಟ್' ಎಂಬ ರಿಕಾರ್ಡಿನಲ್ಲಿ ದೆಹಲಿಯ ಮೈನಾ ಹಕ್ಕಿಯ ಮೇಲೆ ಒಂದು ರಚನೆಯುಂಟು. ಜಿಮ್ಮಿ ಹ್ಯಾಮಿಲ್ಟನನ ಕ್ಲಾರಿನೆಟ್ಟು ಆ ಹಕ್ಕಿಯಾಗಿ ನಡುನಡುವೆ ಉಲಿಯುತ್ತದೆ. ಅದೇ ರಿಕಾರ್ಡಿನ 'ಇಸ್ಫಹಾನ್' ಎಂಬ ಪ್ರಸಿದ್ಧ ರಚನೆಯನ್ನು ಪಾರಸೀಕ ನಗರವನ್ನು ಕಂಡು ಬರೆದದ್ದೆಂದು ಕೇಳುಗರು ನಂಬಿ ಆನಂದಿಸುತ್ತಿದ್ದರು. ಅದು ಪ್ರವಾಸಕ್ಕೆ ಮುಂಚೆಯೇ 'ಎಲ್ಫ್' ಎಂಬ ಹೆಸರಿನಲ್ಲಿ ಸ್ಟ್ರೇಹಾರ್ನನು ಬರೆದಿಟ್ಟಿದ್ದ ರಚನೆ! ಹೊದಿಕೆಯ ಮೇಲಿನ ಹೆಸರನ್ನು ನಂಬಿ ಕೇಳುವ ಕಿವಿಯು ಎಷ್ಟು ಸುಲಭವಾಗಿ ತನಗೆ ಬೇಕಾದುದನ್ನೇ ಕೇಳಿಸಿಕೊಳ್ಳುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ಎಚ್ಚರಿಕೆಯನ್ನು ಎದುರು ಪಕ್ಷದವರಿಗೂ ಹೇಳಬೇಕಾಗಿದೆ. ಸ್ಟ್ರೇಹಾರ್ನನ ಸ್ವರಸಂಘಗಳಲ್ಲಿ ಒಂದು ಮಾರ್ದವವಿದೆ, ಅದು ಅವನ ಸ್ವಭಾವದ ಗುರುತು, ಎಂದು ಕೆಲವರು ಬರೆಯುತ್ತಾರೆ. ಇದು ಹೊಗಳಿಕೆಯಂತೆ ತೋರಿದರೂ ಹಳೆಯ ಹೀಯಾಳಿಕೆಯೇ ಒಳ್ಳೆಯ ಬಟ್ಟೆ ತೊಟ್ಟು ಬಂದಂತಿದೆ. ಸಲಿಂಗಾನುರಾಗಕ್ಕೆ ಒಂದು ನಾದವೆಂಬುದಿದ್ದು ಅದು ಮೃದುವಾದುದೆಂದರೆ, ಸೆಸಿಲ್ ಟೇಲರನ ಪಿಯಾನೋವನ್ನು ಏನೆಂದು ಕರೆಯಬೇಕು? ಸಿಡಿಲು ಮಳೆ ಎರಡೂ ಒಟ್ಟಿಗೆ ಬಂದಂತಹ ಆ ವಾದನವನ್ನು ಕೇಳಿ ಎದ್ದುಹೋದ ಕೇಳುಗರು ಎಷ್ಟೋ ಮಂದಿ. ಇಬ್ಬರನ್ನೂ ಒಂದೇ ಚೀಲದಲ್ಲಿ ಕಟ್ಟುವ ವಾದವು ಇಬ್ಬರ ಸಂಗೀತವನ್ನೂ ಕೇಳಿಲ್ಲವೆಂದೇ ಹೇಳಬೇಕು.

ಟೇಲರನು 1929ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದನು. ಬಾಸ್ಟನ್ ನಗರದ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಶಾಸ್ತ್ರೋಕ್ತವಾಗಿ ಕಲಿತನು. 1956ರಲ್ಲಿ 'ಜಾಜ್ ಅಡ್ವಾನ್ಸ್' ಎಂಬ ಅವನ ಮೊದಲ ರಿಕಾರ್ಡನ್ನು ಹೊರತಂದದ್ದು ಟ್ರಾನ್ಸಿಷನ್ ಎಂಬ ಅಲ್ಪಾಯುಷಿ ಕಂಪನಿ. ಅದರ ಮೊದಲಚ್ಚಿಗಾಗಿ ಸಂಗ್ರಾಹಕರು ಇಂದು ಹಣ ಸುರಿಯುತ್ತಾರೆ. ಅದನ್ನು ನುಡಿಸಿದವನು ಮಾತ್ರ ಆ ಕಾಲದಲ್ಲಿ ಹೊಟ್ಟೆಪಾಡಿಗೆ ಪಾತ್ರೆ ತೊಳೆಯಬೇಕಾಯಿತು. 1962ರ ನವೆಂಬರಿನಲ್ಲಿ ಕೋಪನ್‌ಹೇಗನ್ನಿನ ಕೆಫೆ ಮೋಂಮಾರ್ತ್ರ್ ಎಂಬಲ್ಲಿ ಜಿಮ್ಮಿ ಲಯನ್ಸನ ಸ್ಯಾಕ್ಸೊಫೋನು, ಸನ್ನಿ ಮರೇಯ ಡ್ರಮ್ಸು ಇವೆರಡರೊಡನೆ ಅವನು ನುಡಿಸಿದಾಗ, ಎಣಿಕೆಯ ತಾಳವು ಅಳಿದು ಉಸಿರಾಟದಂತಹ ಒಂದು ಅಲೆ ಮಾತ್ರ ಉಳಿಯಿತು. ಮುಂದೆ 1966ರ ಮೇ 19ರಂದು ಏಳು ಜನ ಕೂಡಿ ಬ್ಲೂ ನೋಟ್ ಕಂಪನಿಗಾಗಿ ನುಡಿಸಿದ 'ಯೂನಿಟ್ ಸ್ಟ್ರಕ್ಚರ್ಸ್' ಅವನ ಕಲೆಯ ಒಂದು ಶಿಖರ. ಎರಡು ಡಬಲ್ ಬಾಸುಗಳಲ್ಲಿ ಹೆನ್ರಿ ಗ್ರೈಮ್ಸನದು ನೆಲದಂತಿದ್ದರೆ ಅಲನ್ ಸಿಲ್ವನದು ಕಮಾನಿನಿಂದ ಮೇಲೇರಿ ಆಕಾಶದಂತಿದೆ. ನಡುವೆ ಪಿಯಾನೋ ಒಂದು ಸಣ್ಣ ಸ್ವರಗುಚ್ಛವನ್ನು ಎತ್ತಿಕೊಂಡು, ತಿರುಗಿಸಿ, ಒಡೆದು, ಮತ್ತೆ ಕೂಡಿಸಿ, ಎದುರಿನವನಿಗೆ ಎಸೆಯುತ್ತದೆ. ಗದ್ದಲವೆಂದು ತೋರುವುದು ಮೊದಲ ಸಲ ಮಾತ್ರ. ಮೂರನೆಯ ಸಲ ಕೇಳುವಾಗ ಅಲ್ಲಿ ಎಂಥ ಕಟ್ಟಡವಿದೆಯೆಂಬುದು ತಿಳಿಯುತ್ತದೆ. ಅದರ ಬೆನ್ನಿನ ಬರಹವನ್ನು ಟೇಲರನೇ ಕಾವ್ಯದಂತಹ ಕಗ್ಗಂಟು ಗದ್ಯದಲ್ಲಿ ಬರೆದಿದ್ದಾನೆ. ಅದು ರಿಕಾರ್ಡಿಗಿಂತ ಕಠಿನವೆನ್ನುವವರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ.

ಈತನ ವಿಷಯದಲ್ಲಿ ನಡೆದ ಸಂಗತಿಯು ಈ ಚರ್ಚೆಯ ಕಗ್ಗಂಟು. 1982ರಲ್ಲಿ ಸ್ಟ್ಯಾನ್ಲಿ ಕ್ರೌಚ್ ಎಂಬ ವಿಮರ್ಶಕನು ಟೇಲರನು ಸಲಿಂಗಾನುರಾಗಿಯೆಂದು ಪತ್ರಿಕೆಯಲ್ಲಿ ಬರೆದುಬಿಟ್ಟನು. ಟೇಲರನಿಗೆ ಕೋಪ ಬಂದಿತು. ಬರುವುದು ಸಹಜ, ಅವನಾಗಿ ಹೇಳದಿದ್ದ ಮಾತನ್ನು ಇನ್ನೊಬ್ಬನು ಅವನ ಅನುಮತಿಯಿಲ್ಲದೆ ಬೀದಿಗೆ ತಂದಿದ್ದನು. 1991ರಲ್ಲಿ ಒಬ್ಬ ವರದಿಗಾರನೊಡನೆ ಮಾತನಾಡುತ್ತ ಟೇಲರನು ಈ ಪ್ರಶ್ನೆಯನ್ನೇ ತಿರುಗಿಸಿಬಿಟ್ಟನು: ಮೂರು ಅಕ್ಷರದ ಒಂದು ಇಂಗ್ಲಿಷ್ ಶಬ್ದದೊಳಗೆ ತನ್ನ ಮನುಷ್ಯತ್ವದ ತೊಡಕೆಲ್ಲ ಹಿಡಿಯುವುದೇ, ಸುಲಭವಾದ ವ್ಯಾಖ್ಯೆಯೆಂಬ ಬೋನಿಗೆ ತಾನು ಬೀಳುವವನಲ್ಲ, ಎಂಬುದು ಅವನ ಮಾತಿನ ಸಾರ. ಇದನ್ನು ನಿರಾಕರಣೆಯೆಂದು ಓದುವುದು ತಪ್ಪು. ಒಪ್ಪಿಗೆಯೆಂದು ಮಾತ್ರ ಓದುವುದೂ ತಪ್ಪು. ಅವನ ಪಿಯಾನೋವನ್ನು 'ಜಾಜ್' ಎಂಬ ಶಬ್ದದಲ್ಲಿ ಹಿಡಿಯಹೋದವರಿಗೂ 'ಯೂರೋಪಿನ ನವ್ಯ ಸಂಗೀತ' ಎಂಬ ಶಬ್ದದಲ್ಲಿ ಹಿಡಿಯಹೋದವರಿಗೂ ಅವನು ಜೀವಮಾನವೆಲ್ಲ ಕೊಟ್ಟ ಉತ್ತರ ಇದೇ. ಆದುದರಿಂದ ಟೇಲರನ ಹೆಸರನ್ನು ಒಂದು ಪಟ್ಟಿಯಲ್ಲಿ ಬರೆದು ಕೈತೊಳೆದುಕೊಳ್ಳುವ ಸಂಗ್ರಾಹಕನು ಅವನಿಗೆ ಗೌರವ ಸಲ್ಲಿಸಿದಂತಾಗುವುದಿಲ್ಲ. ಅವನು ಆಡಿದ ಮಾತನ್ನೂ ಆಡಿದ ಬಗೆಯನ್ನೂ ಜೊತೆಗೆ ಬರೆದರೆ ಮಾತ್ರ ಸಲ್ಲುತ್ತದೆ.

ಮೌನಕ್ಕೆ ಕಾರಣವಾಗಿದ್ದುದು ನಾಚಿಕೆಯೊಂದೇ ಅಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. 1940ರಿಂದ 1967ರವರೆಗೆ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಯಾವ ಕ್ಲಬ್ಬಿನಲ್ಲಿ ನುಡಿಸಬೇಕಾದರೂ ವಾದಕನ ಬಳಿ ಪೊಲೀಸರು ಕೊಟ್ಟ ಪರವಾನಗಿ ಚೀಟಿಯಿರಬೇಕಾಗಿತ್ತು. ಒಮ್ಮೆ ದಸ್ತಗಿರಿಯಾದರೆ ಆ ಚೀಟಿ ಹೋಗಬಹುದು. ಚೀಟಿ ಹೋದರೆ ಅನ್ನವೂ ಹೋಯಿತು. ಮಾದಕವಸ್ತುವಿನ ಮೊಕದ್ದಮೆಯಲ್ಲಿ 1951ರಲ್ಲಿ ಥೆಲೋನಿಯಸ್ ಮಂಕನಂತಹ ಮಹಾವಾದಕನೇ ಅದನ್ನು ಕಳೆದುಕೊಂಡು ವರ್ಷಗಟ್ಟಲೆ ತನ್ನ ಊರಿನ ಕ್ಲಬ್ಬುಗಳಲ್ಲಿ ನುಡಿಸಲಾರದೆ ಹೋದನು. ಗಂಡಸು ಗಂಡಸನ್ನು ಪ್ರೀತಿಸುವುದು ಕಾನೂನಿನ ಕಣ್ಣಿನಲ್ಲಿ ಅಪರಾಧವಾಗಿದ್ದ ಆ ಕಾಲದಲ್ಲಿ ವಾದಕನು ಬಾಯಿಬಿಡದಿದ್ದುದನ್ನು ಇಂದಿನ ಓದುಗನು ಕುಳಿತಲ್ಲಿಂದ ಅಂಜುಬುರುಕುತನವೆನ್ನಲಾಗದು. ಇಂಗ್ಲೆಂಡಿನಲ್ಲಿ ಆ ಕಾನೂನು ಸಡಿಲವಾದದ್ದು 1967ರಲ್ಲಿ, ಇಂಡಿಯದಲ್ಲಿ 2018ರಲ್ಲಿ.

ಇಂಗ್ಲೆಂಡಿನಲ್ಲಿ ಸಡಿಲವಾದುದರ ಹತ್ತು ವರ್ಷದ ತರುವಾಯ ಲಂಡನಿನಲ್ಲಿ ಒಂದು ವಿಚಿತ್ರವಾದ ತಂಡವು ಹುಟ್ಟಿತು. ಗಾಯಕಿ ಮ್ಯಾಗಿ ನಿಕಲ್ಸ್, ಬಸೂನ್ ಎಂಬ ದೊಡ್ಡ ಊದುವಾದ್ಯವನ್ನು ನುಡಿಸುವ ಲಿಂಡ್ಸೇ ಕೂಪರ್, ಇವರಿಬ್ಬರು ಕೂಡಿಸಿದ ಈ ಹೆಂಗಸರ ತಂಡವು 1977ರ ಅಕ್ಟೋಬರಿನಲ್ಲಿ ಮೊದಲ ಕಚೇರಿ ನಡೆಸಿತು. ಅವರು ತಮ್ಮನ್ನು 'ವಿಮೆನ್ಸ್' ತಂಡವೆಂದು ಕರೆದುಕೊಳ್ಳಬೇಕೆಂದಿದ್ದರು. ಕಾರ್ಯಕ್ರಮದವರು 'ಫೆಮಿನಿಸ್ಟ್ ಇಂಪ್ರೊವೈಸಿಂಗ್ ಗ್ರೂಪ್' ಎಂದು ಅಚ್ಚುಹಾಕಿಸಿದರು. ಹೆಸರು ಅದೇ ನಿಂತಿತು. ಇತರರು ಅಂಟಿಸಿದ ಹೆಸರನ್ನು ಟೇಲರನು ಕಿತ್ತೆಸೆದನು. ಈ ಹೆಂಗಸರು ಅದನ್ನೇ ಧ್ವಜವಾಗಿ ಮಾಡಿಕೊಂಡರು. ಎರಡಕ್ಕೂ ಧೈರ್ಯ ಬೇಕು. ತಂಡದವರೆಲ್ಲರೂ ಸಲಿಂಗಾನುರಾಗಿಗಳಾಗಿರಲಿಲ್ಲ. ಆದರೆ ಆಗಿದ್ದವರು ಮರೆಮಾಡಲಿಲ್ಲ. ವೇದಿಕೆಯ ಮೇಲಿನ ಆಟದಲ್ಲಿ, ಒಬ್ಬರನ್ನೊಬ್ಬರು ಕೆಣಕುವುದರಲ್ಲಿ, ನಗೆಯಲ್ಲಿ, ಅದು ಮುಚ್ಚುಮರೆಯಿಲ್ಲದೆ ಕಾಣುತ್ತಿತ್ತು. ಹಾಡುವುದು, ಕಿರಿಚುವುದು, ನಾಟಕವಾಡುವುದು, ಮನೆವಾರ್ತೆಯ ಸಾಮಾನುಗಳನ್ನೇ ವಾದ್ಯವಾಗಿಸಿಕೊಳ್ಳುವುದು—ಇದೆಲ್ಲ ಅವರ ಕಚೇರಿಯ ಭಾಗ.

ಹೊಸ ಪಂಥದ ಗಂಡಸರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಈ ಹೆಂಗಸರಿಗೆ ವಾದ್ಯದ ಮೇಲೆ ಕೈಯಿಲ್ಲವೆಂದು ದೂರಿದರು. ಎಲ್ಲ ಕಟ್ಟುಗಳನ್ನೂ ಹರಿದೆವೆಂದು ಸಾರಿದ್ದವರು ಪರಿಣತಿಯೆಂಬ ಒಂದು ಕಟ್ಟನ್ನು ಮಾತ್ರ ಹೆಂಗಸರ ಮುಂದೆ ಹಿಡಿದರು. ತಂಡದಲ್ಲಿ ನಿಜವಾಗಿಯೂ ಪಳಗಿದವರೂ ಹೊಸಬರೂ ಬೆರೆತಿದ್ದರು, ಅದು ಬೇಕೆಂದೇ ಮಾಡಿದ್ದು. ಈ ಹಿನ್ನೆಲೆಯನ್ನರಿಯದೆ ಕೇಳುವವನಿಗೆ ಅಲ್ಲಲ್ಲಿ ಬರುವ ನಗೆಯೂ ಮುರಿದ ಮಾತೂ ಕೈತಪ್ಪಿನಂತೆ ತೋರುತ್ತವೆ. ಅರಿತವನಿಗೆ ಅದೇ ರಚನೆಯ ಅಂಗವಾಗುತ್ತದೆ. 2004ರಲ್ಲಿ ಜೂಲಿ ಡಾನ್ ಸ್ಮಿತ್ ಎಂಬಾಕೆ ಈ ತಂಡದ ನಗೆಯನ್ನೇ ವಿಷಯವಾಗಿ ತೆಗೆದುಕೊಂಡು ಬರೆದ ಪ್ರಬಂಧವು ಇದನ್ನು ಚೆನ್ನಾಗಿ ವಿಶದಪಡಿಸುತ್ತದೆ. ಇಷ್ಟಾದರೂ ಆ ತಂಡವು ಬಾಳಿದ್ದ ಕಾಲದಲ್ಲಿ ಬಿಟ್ಟುಹೋದದ್ದು 1979ರ ಒಂದು ಕ್ಯಾಸೆಟ್ಟು. ದಪ್ಪ ರಟ್ಟಿನ ಹೊದಿಕೆಯ ರಿಕಾರ್ಡುಗಳನ್ನು ಮಾತ್ರ ರಿಕಾರ್ಡೆಂದು ಬಗೆಯುವ ಸಂಗ್ರಾಹಕರ ಕಪಾಟಿನಲ್ಲಿ ಅದಕ್ಕೆ ಸ್ಥಳ ದೊರೆಯದೆ ಹೋದುದು ಆಶ್ಚರ್ಯವಲ್ಲ.

ಈ ತಂಡಕ್ಕೆ ಬಂದು ಸೇರಿದವರಲ್ಲಿ ಸ್ವಿಟ್ಜರ್ಲೆಂಡಿನ ಪಿಯಾನೋವಾದಕಿ ಇರೇನ್ ಶ್ವೈಟ್ಸರ್ ಹಿರಿಯ ಹೆಸರು. 1941ರಲ್ಲಿ ಶಾಫ್‌ಹೌಸನ್ ಊರಿನ ಒಂದು ಹೋಟೆಲಿನವರ ಮನೆಯಲ್ಲಿ ಹುಟ್ಟಿದ ಈಕೆ, ಅಲ್ಲಿ ಕುಣಿತಕ್ಕೆ ನುಡಿಸಲು ಬರುತ್ತಿದ್ದ ವಾದ್ಯಗಾರರನ್ನು ಕೇಳಿ ಕೇಳಿ ಬೆಳೆದಳು. ಗಂಡಸರೇ ತುಂಬಿದ್ದ ಯೂರೋಪಿನ ಹೊಸ ಪಂಥದಲ್ಲಿ ವರ್ಷಗಟ್ಟಲೆ ಒಬ್ಬಳೇ ಹೆಂಗಸಾಗಿ ನುಡಿಸಿದಳು. ಬರ್ಲಿನ್ನಿನ ಎಫ್.ಎಂ.ಪಿ. ಸಂಸ್ಥೆಯು 1970ರ ದಶಕದಲ್ಲಿ ಹೊರತಂದ ಈಕೆಯ ಒಂಟಿ ವಾದನದ ಎರಡು ರಿಕಾರ್ಡುಗಳ ಹೆಸರು ಕಾಡು ಕನ್ಯೆಯರು, ಮಾಟಗಾತಿಯರ ಕೂಟ ಎಂಬ ಅರ್ಥ ಕೊಡುತ್ತವೆ. ಹೆಸರಿನಲ್ಲಿಯೇ ಆಕೆಯ ಕೊಂಕುನಗೆ ಇದೆ. ಟೇಲರನಿಂದ ಕಲಿತದ್ದು ಈಕೆಯಲ್ಲಿ ಬಹಳವಾಗಿದ್ದರೂ ಅವನಲ್ಲಿಲ್ಲದ ಒಂದು ಕುಣಿತ ಈಕೆಯ ಎಡಗೈಯಲ್ಲಿದೆ. ಡ್ರಮ್ಸಿನವರೊಡನೆ ಮಾತ್ರ ಕುಳಿತು ನುಡಿಸಿದ ಜೋಡಿ ರಿಕಾರ್ಡುಗಳ ಸಾಲು—ಲೂಯಿ ಮೊಹೋಲೋ, ಗ್ಯುಂಟರ್ ಸೊಮ್ಮರ್, ಆಂಡ್ರ್ಯೂ ಸಿರಿಲ್, ಪಿಯೆರ್ ಫಾವ್ರ್, ಹಾನ್ ಬೆನ್ನಿಂಕ್—ಈ ಐವರೊಡನೆ ಐದು ಬಗೆಯ ಸಂವಾದ. ಇವುಗಳನ್ನು ಒಂದೇ ವಾರದಲ್ಲಿ ಒಂದರ ಮೇಲೊಂದರಂತೆ ಕೇಳಿದರೆ, ಎದುರಿನವನು ಬದಲಾದಂತೆ ಈಕೆಯೂ ಹೇಗೆ ಬದಲಾಗುತ್ತಾಳೆ, ಬದಲಾದರೂ ಮೊದಲ ನಿಮಿಷದಲ್ಲಿಯೇ ಹೇಗೆ ಗುರುತು ಸಿಕ್ಕುತ್ತಾಳೆ ಎಂಬುದು ತಿಳಿಯುತ್ತದೆ. ಜೂರಿಕ್ಕಿನ ಇಂಟಾಕ್ಟ್ ಸಂಸ್ಥೆಯು ಆರಂಭವಾದುದೇ ಈಕೆಯ 1984ರ ಕಚೇರಿಯ ಮುದ್ರಣದಿಂದ. ಮ್ಯಾಗಿ ನಿಕಲ್ಸ್, ಫ್ರಾನ್ಸಿನ ಡಬಲ್ ಬಾಸ್ ವಾದಕಿ ಝೊಯೆಲ್ ಲೇಯಾಂದ್ರ್ ಇವರೊಡನೆ ಕಟ್ಟಿದ 'ಲೆ ದಿಯಾಬೊಲೀಕ್' ಎಂಬ ಮೂವರ ಕೂಟದಲ್ಲಿ ಹಿಂದಿನ ತಂಡದ ನಗೆಯು ಪಕ್ವವಾಗಿ ಮರಳಿ ಬಂದಿತು. ತಾನು ಹೆಂಗಸನ್ನು ಪ್ರೀತಿಸುವವಳೆಂಬುದನ್ನು ಶ್ವೈಟ್ಸರ್ ಡಂಗುರ ಹೊಡೆಯಲಿಲ್ಲ, ಮುಚ್ಚಿಡಲೂ ಇಲ್ಲ; 2016ರಲ್ಲಿ ಕ್ರಿಸ್ಟಿಯನ್ ಬ್ರೋಕಿಂಗನು ಬರೆದ ಜೀವನಚರಿತ್ರೆಯಲ್ಲಿ ಅದು ಬಾಳಿನ ಉಳಿದ ಸಂಗತಿಗಳ ನಡುವೆ ಸಹಜವಾಗಿ ಬರುತ್ತದೆ. ಬರೆಯಬೇಕಾದ ಕ್ರಮ ಇದೇ ಎನ್ನಬಹುದು. ಆಕೆ 2024ರ ಜುಲೈಯಲ್ಲಿ ತೀರಿಕೊಂಡಳು.

ಪಿಯಾನೋವಾದಕ ಫ್ರೆಡ್ ಹರ್ಷ್ 1993ರಲ್ಲಿ ತನ್ನ ಪ್ರೇಮದ ಸಂಗತಿಯನ್ನೂ ತನಗೆ ತಗುಲಿದ ಎಚ್.ಐ.ವಿ. ರೋಗವನ್ನೂ ಒಟ್ಟಿಗೆ ಪ್ರಕಟಿಸಿದನು; ಕಂಪನವಾದ್ಯದ ಗ್ಯಾರಿ ಬರ್ಟನ್ ಅದೇ ದಶಕದಲ್ಲಿ ರೇಡಿಯೋದಲ್ಲಿ ಹೇಳಿಕೊಂಡನು. ಇವರಿಬ್ಬರೂ ಅಷ್ಟಾಗಿ ಹೊಸ ಪಂಥದವರಲ್ಲ. ಅಕಾರ್ಡಿಯನ್ ನುಡಿಸುವ ಪಾಲೀನ್ ಒಲಿವೆರೋಸ್ ಜಾಜ್ ಮಾರ್ಗದವಳೇ ಅಲ್ಲ. ಆದರೂ 1988ರಲ್ಲಿ ವಾಷಿಂಗ್ಟನ್ ಸಂಸ್ಥಾನದ ಒಂದು ಹಳೆಯ ಕೋಟೆಯ ನೆಲದಡಿಯ ನೀರಿನ ತೊಟ್ಟಿಗೆ ಇಳಿದು, ಒಂದು ಸ್ವರವು ಸುಮಾರು 45 ಸೆಕೆಂಡು ಅನುರಣಿಸುವ ಆ ಕತ್ತಲಿನಲ್ಲಿ, ಗೋಡೆಯನ್ನೇ ನಾಲ್ಕನೆಯ ವಾದಕನಾಗಿಸಿಕೊಂಡು ಮೂವರು ನುಡಿಸಿದ 'ಡೀಪ್ ಲಿಸನಿಂಗ್' ಎಂಬ ರಿಕಾರ್ಡನ್ನು ಮನೋಧರ್ಮವನ್ನು ಬಲ್ಲ ಯಾವ ಕೇಳುಗನೂ ತಪ್ಪಿಸಿಕೊಳ್ಳಬಾರದು.

ಗಾಳಿಮಾತಿನ ವಿಚಾರವೂ ಒಂದು ಉಳಿದಿದೆ. ಮಾತು ತೆರೆದ ಮೇಲೆ ಕೆಲವು ಸಂಗ್ರಾಹಕರಿಗೆ ಎಲ್ಲೆಲ್ಲಿಯೂ ಗುಟ್ಟುಗಳೇ ಕಾಣತೊಡಗಿವೆ. ಮದುವೆಯಾಗದ ಪ್ರತಿಯೊಬ್ಬ ವಾದಕನನ್ನೂ ಪಟ್ಟಿಗೆ ಸೇರಿಸುವ ಉತ್ಸಾಹ ಬಂದಿದೆ. ಒಂದು ಮೊದಲಚ್ಚಿನ ದಿನಾಂಕವನ್ನು ನಿಶ್ಚಯಿಸುವುದಕ್ಕೆ ಎರಡು ಸಾಕ್ಷ್ಯ ಕೇಳುವ ಇವರು ಒಬ್ಬ ಮನುಷ್ಯನ ಹೃದಯವನ್ನು ನಿಶ್ಚಯಿಸುವುದಕ್ಕೆ ಸಾಕ್ಷ್ಯವೇ ಬೇಡವೆನ್ನುವುದು ಅವರ ಶಾಸ್ತ್ರಕ್ಕೇ ಅವಮಾನ. ವಾದಕನು ತಾನೇ ಹೇಳಿದ್ದಾದರೆ ಬರೆಯಬೇಕು. ಸ್ಟ್ರೇಹಾರ್ನನಂತೆ ಮರೆಯಿಲ್ಲದೆ ಬಾಳಿದ್ದು ಬಲ್ಲವರಿಂದ ದಾಖಲೆಯಾಗಿದ್ದರೆ ಬರೆಯಬೇಕು. ಮಿಕ್ಕದ್ದನ್ನು ಬರೆಯುವವನು ಕ್ರೌಚನ ದಾರಿ ಹಿಡಿದಂತೆ.

ತಾನೇ ಹೇಳಿದವರಲ್ಲಿ ಜೂಲಿಯಸ್ ಈಸ್ಟ್‌ಮನ್ನನಷ್ಟು ಗಟ್ಟಿಯಾಗಿ ಹೇಳಿದವರಿಲ್ಲ. 1940ರಲ್ಲಿ ಹುಟ್ಟಿದ ಈ ಕರಿಯ ರಚನಕಾರನು ಪಿಯಾನೋವನ್ನೂ ನುಡಿಸುತ್ತಿದ್ದನು, ಗಂಭೀರವಾದ ಕಂಠದಿಂದ ಹಾಡುತ್ತಲೂ ಇದ್ದನು, ಜಾಜ್ ವಾದಕನಾದ ತಮ್ಮನೊಡನೆ ಕಚೇರಿಗಳಲ್ಲಿಯೂ ಕೂಡುತ್ತಿದ್ದನು. ಅವನ ರಚನೆಗಳಲ್ಲಿ ಬರೆದ ಸ್ವರ ಸ್ವಲ್ಪ, ವಾದಕರ ಮನೋಧರ್ಮಕ್ಕೆ ಬಿಟ್ಟದ್ದು ಬಹಳ. ತನ್ನ ಒಂದು ರಚನೆಗೆ 'ಗೇ ಗೆರಿಲ್ಲಾ' ಎಂದೇ ಹೆಸರಿಟ್ಟು, 1980ರ ಜನವರಿಯಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಕಚೇರಿಗೆ ಮುಂಚೆ ಎದ್ದುನಿಂತು, ಆ ಹೆಸರೇಕೆಂಬುದನ್ನು ಸಭೆಗೆ ಶಾಂತವಾಗಿ ವಿವರಿಸಿದನು. ಕೆಲವೇ ವರ್ಷಗಳಲ್ಲಿ ಬಾಡಿಗೆ ಸಲ್ಲದೆ ನ್ಯೂಯಾರ್ಕಿನ ಮನೆಯಿಂದ ಅವನನ್ನು ಹೊರಹಾಕಿದರು. ಸ್ವರಲಿಪಿಯ ಕಾಗದಗಳು ಬೀದಿಪಾಲಾದವು. 1990ರ ಮೇ ತಿಂಗಳಿನಲ್ಲಿ ಬಫಲೋ ನಗರದ ಆಸ್ಪತ್ರೆಯಲ್ಲಿ ಅವನು ಸತ್ತ ಸುದ್ದಿಯು ಪತ್ರಿಕೆಯಲ್ಲಿ ಬಂದದ್ದು ಎಂಟು ತಿಂಗಳ ತರುವಾಯ.

ಅವನ ಸಂಗೀತವನ್ನು ಉಳಿಸಿದ್ದು ಸಂಗ್ರಾಹಕ ಬುದ್ಧಿಯೇ. ಮೇರಿ ಜೇನ್ ಲೀಚ್ ಎಂಬ ರಚನಕಾರ್ತಿ 1998ರಿಂದ ವಿಶ್ವವಿದ್ಯಾನಿಲಯಗಳ ಉಗ್ರಾಣಗಳಲ್ಲಿಯೂ ಹಳೆಯ ಮಿತ್ರರ ಮನೆಗಳಲ್ಲಿಯೂ ಟೇಪುಗಳಿಗಾಗಿ ಹುಡುಕಿದಳು. 2005ರಲ್ಲಿ ಮೂರು ತಟ್ಟೆಗಳ ಸಂಪುಟವೊಂದು ಹೊರಬಂದಿತು. ಅದರ ಹೆಸರಾದ 'ಅನ್‌ಜಸ್ಟ್ ಮಲೇಸ್' ಎಂಬುದು ಈಸ್ಟ್‌ಮನ್ನನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಕಟ್ಟಿದ್ದು. 1980ರ ಆ ಭಾಷಣವೂ ಅದರಲ್ಲಿ ಸೇರಿದೆ. 1974ರ 'ಫೆಮಿನೈನ್' ಎಂಬ ದೀರ್ಘ ರಚನೆಯ ಮುದ್ರಣವು 2016ರಲ್ಲಿ ಬೆಳಕು ಕಂಡಿತು. ಹತ್ತು ಚೆಲ್ಲೋಗಳಿಗಾಗಿ ಬರೆದು 1981ರಲ್ಲಿ ನುಡಿಸಿದ ಜೋನ್ ಆಫ್ ಆರ್ಕಳ ಮೇಲಿನ ರಚನೆಯ ಲಿಪಿಯು ಕಳೆದುಹೋಗಿದ್ದಿತು. ಕ್ಲಾರಿಸ್ ಜೆನ್ಸನ್ ಎಂಬ ಚೆಲ್ಲೋವಾದಕಿ ಹಳೆಯ ಮುದ್ರಣವನ್ನು ಮತ್ತೆಮತ್ತೆ ಕೇಳಿ ಹತ್ತು ವಾದ್ಯಗಳ ಎಳೆಗಳನ್ನೂ ಒಂದೊಂದಾಗಿ ಬಿಡಿಸಿ ಕಾಗದಕ್ಕೆ ಇಳಿಸಿದಳು. ಈಗ ವಾದಕರು ಅದನ್ನು ಆ ಕಾಗದದಿಂದ ನುಡಿಸುತ್ತಿದ್ದಾರೆ.